ಕಾಲೇಜಿನ ಮೆಟ್ಟಿಲು ಹತ್ತದ ಮೈಕೆಲ್ ಫ್ಯಾರಡೆ

ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ಪೇಪರಿನಲ್ಲಿ ಫ್ಯಾರಡೆಯ ನಿಯಮ ಬರೆಯದೆ ದಾಟಿ ಬಂದವರು ನಮ್ಮಲ್ಲಿ ಕಡಿಮೆ. ಇ ಈಕ್ವಲ್ಸ್ ಮೈನಸ್ ಎನ್ ಡಿ ಫೈ ಬೈ ಡಿ ಟಿ. ತಮಾಷೆ ಏನು ಗೊತ್ತಾ? ಆ ಸಾಲನ್ನು ತೆಗೆದುಕೊಂಡು ಹೋಗಿ ಸಾಕ್ಷಾತ್ ಫ್ಯಾರಡೆಯ ಮುಂದೆ ಇಟ್ಟಿದ್ದರೆ ಅವನಿಗೆ ಅದು ಅರ್ಥವಾಗುತ್ತಿರಲಿಲ್ಲ. ಡಿಫರೆನ್ಷಿಯೇಷನ್ ಅನ್ನೋದನ್ನ ಅವನು ಕಲಿತೇ ಇರಲಿಲ್ಲ. ಅದರಲ್ಲಿರುವ ಮೈನಸ್ಸು 1834ರಲ್ಲಿ ರಷ್ಯಾದ ಲೆಂಜ್ ತೋರಿಸಿಕೊಟ್ಟದ್ದು. ಉಳಿದ ಗಣಿತದ ಉಡುಪು ತೊಡಿಸಿದವರು ಆಮೇಲೆ ಬಂದ ಬೇರೆ ಬೇರೆಯವರು.

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು ಅಂದ್ರೆ ಹಾಸ್ಟೆಲಿನ ಕಾರಿಡಾರಿನಲ್ಲಿ ಒಂದೇ ಚರ್ಚೆ. ಇಲ್ಲಿ ನಾಲ್ಕು ವರ್ಷ ಓದಿದ್ದು ಮುಂದೆ ಕೆಲಸದಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತೆ? ಕೆಲಸಕ್ಕೆ ಸೇರಿದ ಸೀನಿಯರ್‌ಗಳನ್ನು ಕೇಳಿದರೆ ಅರ್ಧಕ್ಕರ್ಧ ಜನ ಏನೂ ಬರಲ್ಲ ಅಂತಾರೆ. ಅಷ್ಟರಲ್ಲಿ ಯಾರಾದರೂ ಒಬ್ಬರು ಕಾಲೇಜು ಓದದೆ ಗೆದ್ದವರ ಪಟ್ಟಿ ಬಿಚ್ಚುತ್ತಾರೆ, ಅದರಲ್ಲಿ ಫ್ಯಾರಡೆಯ ಹೆಸರು ಇದ್ದೇ ಇರುತ್ತೆ. ಹೆಸರು ಹೇಳಿ ಮುಂದಕ್ಕೆ ಹೋಗಿಬಿಡ್ತಾರೆ. ಅವನು ಹೇಗೆ ಕಲಿತ, ಕಲಿಯದೆ ಉಳಿದದ್ದಕ್ಕೆ ಏನು ಬೆಲೆ ತೆತ್ತ ಅನ್ನೋದು ಆ ಪಟ್ಟಿಯಲ್ಲಿ ಬರಲ್ಲ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್ ಎಂಬಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಕುಲುಮೆಯ ಕೆಲಸ ಮಾಡುವಷ್ಟು ಆರೋಗ್ಯ ಅವನಿಗೆ ಬಹಳ ದಿನ ಇರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಮೈಕೆಲ್‌ಗೆ ಸಿಗುತ್ತಿದ್ದದ್ದು ವಾರಕ್ಕೆ ಒಂದು ರೊಟ್ಟಿ, ಅದರಲ್ಲೇ ವಾರ ಕಳೆಯಬೇಕು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಕೂಡುವುದು ಕಳೆಯುವುದು, ಅಷ್ಟೆ. ಕಾಲೇಜಿನ ಮಾತು ಹಾಗಿರಲಿ. ದುಡ್ಡು ಇದ್ದಿದ್ದರೂ ಆ ಕಾಲದಲ್ಲಿ ಅವನಿಗೆ ಆ ಬಾಗಿಲು ಸರಿಯಾಗಿ ತೆರೆಯುತ್ತಿರಲಿಲ್ಲ. ಅವನ ಮನೆಯವರು ಸ್ಯಾಂಡಿಮೇನಿಯನ್ ಎಂಬ ಸಣ್ಣ ಕ್ರೈಸ್ತ ಪಂಥದವರು. ಇಂಗ್ಲೆಂಡಿನ ಅಧಿಕೃತ ಚರ್ಚಿನ ನಂಬಿಕೆಗಳಿಗೆ ಸಹಿ ಹಾಕದವರಿಗೆ ಆಕ್ಸ್‌ಫರ್ಡಿನಲ್ಲಿ ಪ್ರವೇಶವೇ ಇಲ್ಲ, ಕೇಂಬ್ರಿಜ್‌ನಲ್ಲಿ ಓದಬಹುದು ಆದರೆ ಡಿಗ್ರಿ ಇಲ್ಲ. ಹೀಗಾಗಿ ಫ್ಯಾರಡೆ ಕಾಲೇಜು ಬಿಟ್ಟವನು ಅನ್ನೋದು ಸರಿಯಲ್ಲ. ಬಿಡೋದಕ್ಕೆ ಮೊದಲು ಸಿಗಬೇಕಲ್ಲ.

ಹದಿಮೂರನೇ ವಯಸ್ಸಿಗೆ ಅವನು ಬ್ಲ್ಯಾಂಡ್‌ಫರ್ಡ್ ಸ್ಟ್ರೀಟಿನ ಜಾರ್ಜ್ ರೀಬೋ ಎಂಬವನ ಪುಸ್ತಕದಂಗಡಿಗೆ ಸೇರಿದ. ಮೊದಲು ಪತ್ರಿಕೆಗಳನ್ನು ಮನೆಮನೆಗೆ ಹಂಚಿ ಮತ್ತೆ ವಾಪಸು ತರುವ ಕೆಲಸ. ಮರುವರ್ಷ, ಅಂದರೆ 1805ರಿಂದ, ಏಳು ವರ್ಷದ ಕರಾರಿನಲ್ಲಿ ಬೈಂಡಿಂಗ್ ಕಲಿಯುವ ಹುಡುಗನಾದ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಹೊಲಿಯುವ ಜೊತೆಗೆ ಓದಲೂ ಶುರುಮಾಡಿದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ವಿದ್ಯುತ್ತಿನ ಲೇಖನ ಸಿಕ್ಕಿದ್ದು ಅಲ್ಲೇ. ಜೇನ್ ಮಾರ್ಸೆಟ್ ಎಂಬ ಹೆಣ್ಣುಮಗಳು ರಸಾಯನಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕವೂ ಸಿಕ್ಕಿತು. ಓದಿ ಮುಚ್ಚಿಡುವ ಜಾಯಮಾನ ಅವನದಲ್ಲ. ಕೈಯಲ್ಲಿ ನಾಲ್ಕು ಕಾಸು ಉಳಿದಾಗಲೆಲ್ಲ ಸಾಮಾನು ತಂದು, ಪುಸ್ತಕದಲ್ಲಿ ಹೇಳಿದ್ದು ನಿಜವೋ ಸುಳ್ಳೋ ಅಂತ ಮಾಡಿ ನೋಡುತ್ತಿದ್ದ. ಹಳೇ ಬಾಟಲಿಯಿಂದ ಸ್ಥಾಯೀ ವಿದ್ಯುತ್ತಿನ ಯಂತ್ರ ಕಟ್ಟಿದ. ತಾಮ್ರದ ಅರ್ಧ ಪೆನ್ನಿ ನಾಣ್ಯಗಳ ನಡುವೆ ಸತುವಿನ ಬಿಲ್ಲೆ, ಉಪ್ಪುನೀರಲ್ಲಿ ನೆನೆಸಿದ ಕಾಗದ ಇಟ್ಟು ಬ್ಯಾಟರಿ ಮಾಡಿದ.

ಇಲ್ಲಿಂದ ಮುಂದಿನದು ನನಗೆ ಬಹಳ ಮುಖ್ಯ ಅನ್ನಿಸುವ ಭಾಗ. ಒಬ್ಬನೇ ಕೂತು ಓದಿದ್ದು ಸಾಲದು ಅಂತ ಫ್ಯಾರಡೆಗೆ ಬೇಗ ಗೊತ್ತಾಯಿತು. 1810ರಲ್ಲಿ ಜಾನ್ ಟೇಟಮ್ ಎಂಬ ಅಕ್ಕಸಾಲಿ ತನ್ನ ಮನೆಯಲ್ಲೇ ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದ. ಒಂದು ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್. ಕಮ್ಮಾರಿಕೆ ಹಿಡಿದಿದ್ದ ಅಣ್ಣ ರಾಬರ್ಟ್ ತಮ್ಮನ ಫೀಸು ಕೊಟ್ಟ. (ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಹೀಗೆ ಒಬ್ಬ ಅಣ್ಣನೋ ಅಕ್ಕನೋ ಇರ್ತಾರೆ, ಅವರ ಹೆಸರು ಯಾವ ಮಾರ್ಕ್ಸ್ ಕಾರ್ಡಿನಲ್ಲೂ ಬರಲ್ಲ.) ಉಪನ್ಯಾಸದಲ್ಲಿ ತೋರಿಸಿದ ಉಪಕರಣಗಳನ್ನು ನೋಟ್ಸಿನಲ್ಲಿ ಬಿಡಿಸಿಕೊಳ್ಳಬೇಕು, ಆದರೆ ಡ್ರಾಯಿಂಗ್ ಬರದು. ರೀಬೋನ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ಕ್ವೇರಿಯೇ ಎಂಬ ಫ್ರೆಂಚ್ ಚಿತ್ರಕಾರನ ಹತ್ತಿರ ಪರ್ಸ್‌ಪೆಕ್ಟಿವ್ ಡ್ರಾಯಿಂಗ್ ಕಲಿತ. ಗುರುದಕ್ಷಿಣೆ ಏನಪ್ಪಾ ಅಂದ್ರೆ ಅವನ ಕೋಣೆ ಗುಡಿಸಿ ಬೂಟು ಉಜ್ಜುವುದು. ಇಂಜಿನಿಯರಿಂಗ್ ಡ್ರಾಯಿಂಗ್ ಯಾಕಾದರೂ ಇಟ್ಟಿದ್ದಾರೋ ಅಂತ ಶೀಟು ಬೈಯುವವರು ಇದನ್ನು ಇನ್ನೊಂದು ಸಲ ಓದಬೇಕು.

ಟೇಟಮ್ ಮನೆಯಲ್ಲಿ ಸೇರುತ್ತಿದ್ದವರದೇ ಒಂದು ಸಂಘ ಇತ್ತು, ಸಿಟಿ ಫಿಲಾಸಫಿಕಲ್ ಸೊಸೈಟಿ ಅಂತ. ಸದಸ್ಯರು ಬಹುತೇಕ ಫ್ಯಾರಡೆಯಂಥ ದುಡಿಯುವ ಹುಡುಗರು. ಸರದಿಯ ಮೇಲೆ ಒಬ್ಬೊಬ್ಬರು ಎದ್ದು ಒಂದು ವಿಷಯ ಮಂಡಿಸಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಈಗ ಅದಕ್ಕೆ ಸೆಮಿನಾರ್ ಅನ್ನುತ್ತೇವೆ. ಅಲ್ಲೇ ಪರಿಚಯವಾದ ಬೆಂಜಮಿನ್ ಅಬಟ್‌ಗೆ 1812ರಿಂದ ಉದ್ದುದ್ದ ಪತ್ರ ಬರೆಯತೊಡಗಿದ. ಮುಖ್ಯ ಕಾರಣಗಳಲ್ಲಿ ಒಂದು, ತನ್ನ ವಾಕ್ಯರಚನೆ ಸುಧಾರಿಸಿಕೊಳ್ಳುವುದು. ಎಡ್ವರ್ಡ್ ಮ್ಯಾಗ್ರಾತ್ ಎಂಬ ಇನ್ನೊಬ್ಬ ಗೆಳೆಯ ವರ್ಷಗಟ್ಟಲೆ ಅವನ ಉಚ್ಚಾರ, ವ್ಯಾಕರಣ ತಿದ್ದಿದ. ಆಮೇಲೆ ಸ್ವಂತ ದುಡ್ಡು ಕೊಟ್ಟು ಭಾಷಣ ಕಲೆಯ ಪಾಠಕ್ಕೂ ಹೋದ. ಮುಂದೆ ಲಂಡನ್ನಿನ ಅತ್ಯುತ್ತಮ ಉಪನ್ಯಾಸಕ ಅನ್ನಿಸಿಕೊಂಡ ಮೇಲೂ, ಮಾತು ವೇಗವಾಗದಿರಲಿ ಅಂತ ನಿಧಾನ ಎಂದು ಬರೆದ ಕಾರ್ಡೊಂದನ್ನು ಎದುರಿಗೆ ಇಡಿಸಿಕೊಳ್ಳುತ್ತಿದ್ದ.

ಲೆಕ್ಕ ಹಾಕಿ ನೋಡಿ. ಉಪನ್ಯಾಸ, ನೋಟ್ಸು, ಡ್ರಾಯಿಂಗು, ಲ್ಯಾಬು, ಸೆಮಿನಾರು, ಜೊತೆಗೆ ಓದುವ ಗೆಳೆಯರು. ಕಾಲೇಜಿನಲ್ಲಿ ಏನೇನು ಇರುತ್ತೋ ಅದನ್ನೆಲ್ಲ ಈ ಹುಡುಗ ಒಂದೊಂದಾಗಿ ಹುಡುಕಿ, ದುಡ್ಡು ಕೊಟ್ಟೋ ಬೂಟು ಉಜ್ಜಿಯೋ ಸಂಪಾದಿಸಿದ. ದಿನಪೂರ್ತಿ ಬೈಂಡಿಂಗ್ ಕೆಲಸ ಮುಗಿಸಿದ ಮೇಲೆ, ಅದೂ ಮೇಣದಬತ್ತಿಯ ಬೆಳಕಲ್ಲಿ. ಕಾಲೇಜು ಬೇಡ ಅಂತ ವಾದಿಸುವವರಿಗೆ ಫ್ಯಾರಡೆ ಅಷ್ಟೇನೂ ಒಳ್ಳೆಯ ಸಾಕ್ಷಿಯಲ್ಲ.

ಟೇಟಮ್ ಉಪನ್ಯಾಸಗಳ ನೋಟ್ಸನ್ನು ಅವನೇ ನಾಲ್ಕು ಸಂಪುಟಗಳಾಗಿ ಬೈಂಡ್ ಮಾಡಿದ್ದ. ರೀಬೋ ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದ. ಹಾಗೇ ವಿಷಯ ವಿಲಿಯಂ ಡಾನ್ಸ್ ಎಂಬ ಸಂಗೀತಗಾರನ ಕಿವಿಗೆ ಬಿತ್ತು. ಅವನು 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದ. ಸೋಡಿಯಂ, ಪೊಟ್ಯಾಸಿಯಂ ಬೇರ್ಪಡಿಸಿದ ಡೇವಿ ಆಗ ಇಂಗ್ಲೆಂಡಿನ ದೊಡ್ಡ ಹೆಸರು. ಫ್ಯಾರಡೆ ಆ ಉಪನ್ಯಾಸಗಳನ್ನೂ ಬರೆದುಕೊಂಡು, ಚಿತ್ರ ಬಿಡಿಸಿ, ಬೈಂಡ್ ಮಾಡಿ, ಡಿಸೆಂಬರಿನಲ್ಲಿ ಕೆಲಸ ಕೇಳಿ ಪತ್ರದ ಜೊತೆ ಡೇವಿಗೇ ಕಳಿಸಿದ. ಅದಕ್ಕೂ ಮೊದಲು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಬರೆದ ಪತ್ರಕ್ಕೆ ಉತ್ತರವೇ ಬಂದಿರಲಿಲ್ಲ. ಡೇವಿ ಕರೆದು ಮಾತಾಡಿಸಿದ, ಆದರೆ ಕೆಲಸ ಖಾಲಿ ಇಲ್ಲ, ಬೈಂಡಿಂಗನ್ನೇ ನೋಡಿಕೋ ಅಂತ ಬುದ್ಧಿ ಹೇಳಿ ಕಳಿಸಿದ. ಕೆಲವೇ ವಾರಗಳಲ್ಲಿ ಲ್ಯಾಬಿನ ಸಹಾಯಕ ಜಗಳ ಮಾಡಿಕೊಂಡು ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗಕ್ಕೆ ಫ್ಯಾರಡೆ ಬಂದ. ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆ, ಇದ್ದಿಲು, ಮೇಣದಬತ್ತಿ, ವಾರಕ್ಕೆ 25 ಶಿಲ್ಲಿಂಗ್ ಸಂಬಳ. ಅವನ ರೆಸ್ಯೂಮೆ ಅಂದರೆ ಆ ಬೈಂಡ್ ಮಾಡಿದ ಲ್ಯಾಬ್ ರೆಕಾರ್ಡು. ಇನ್ನೊಬ್ಬರದನ್ನು ನೋಡಿ ಇಳಿಸಿದ್ದಲ್ಲ ಅನ್ನೋದು ಅದರ ವಿಶೇಷ. ಇನ್ನೂ ಒಂದು ಮಾತು ಹೇಳಬೇಕು. ಡೇವಿ ಕೂಡ ವಿಶ್ವವಿದ್ಯಾಲಯ ಕಂಡವನಲ್ಲ, ಪೆನ್ಜಾನ್ಸ್ ಊರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ್ದವನು. ಡಿಗ್ರಿ ಇಲ್ಲದ ಹುಡುಗನನ್ನು ಒಳಗೆ ಬಿಟ್ಟುಕೊಳ್ಳೋದು ಅವನಿಗೆ ವಿಚಿತ್ರ ಅನ್ನಿಸಿರಲಿಕ್ಕಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಡೇವಿ ದಂಪತಿ ಯೂರೋಪ್ ಪ್ರವಾಸ ಹೊರಟಾಗ ಫ್ಯಾರಡೆಯೂ ಜೊತೆಗೆ ಹೋದ. ಸುಮಾರು ಹದಿನೆಂಟು ತಿಂಗಳು. ಪ್ಯಾರಿಸ್ಸಿನಲ್ಲಿ ಆಗತಾನೆ ಸಿಕ್ಕಿದ್ದ ಅಯೋಡಿನ್‌ನ ಮೇಲೆ ಡೇವಿ ಮಾಡಿದ ಪ್ರಯೋಗ, ಫ್ಲಾರೆನ್ಸಿನಲ್ಲಿ ದೊಡ್ಡ ಮಸೂರದಿಂದ ವಜ್ರ ಸುಟ್ಟದ್ದು, ಆಂಪಿಯರ್ ಮತ್ತು ವೋಲ್ಟಾರ ಭೇಟಿ, ಎಲ್ಲವನ್ನೂ ಹತ್ತಿರದಿಂದ ಕಂಡ. ಲೇಡಿ ಡೇವಿ ಅವನನ್ನು ಆಳಿನ ಹಾಗೆ ನಡೆಸಿಕೊಂಡಳು. ಬಿಟ್ಟು ಹೊರಡೋಣ ಅನ್ನಿಸುವಷ್ಟು ಬೇಸರವಾಗಿದ್ದರೂ ಕಲಿಯುವುದಕ್ಕೆ ಇಂಥ ಅವಕಾಶ ಮತ್ತೆ ಸಿಗದು ಅಂತ ಸಹಿಸಿಕೊಂಡ.

ವಾಪಸು ಬಂದ ಮೇಲಿನ ಹತ್ತು ಹದಿನೈದು ವರ್ಷ ಅವನು ಮುಖ್ಯವಾಗಿ ರಸಾಯನಶಾಸ್ತ್ರದವನು. ಮಣ್ಣು, ನೀರು, ಉಕ್ಕು, ಗಾಜು, ಯಾರು ಏನು ತಂದುಕೊಟ್ಟರೂ ಪರೀಕ್ಷೆ ಮಾಡಿಕೊಡುವ ಕೆಲಸ. 1825ರಲ್ಲಿ ಬೆಂಜೀನ್ ಬೇರ್ಪಡಿಸಿದ. 1821ರಲ್ಲಿ ಪಾದರಸದ ಬಟ್ಟಲಲ್ಲಿ ಅಯಸ್ಕಾಂತದ ಸುತ್ತ ತಂತಿ ಗಿರಗಿರ ತಿರುಗುವಂತೆ ಮಾಡಿದ್ದು ಮೋಟಾರಿನ ಮೊದಲ ರೂಪ. ಅದರ ಸಂಭ್ರಮದಲ್ಲಿ ಅವಸರವಾಗಿ ಲೇಖನ ಪ್ರಕಟಿಸಿದ. ಅದೇ ದಾರಿಯಲ್ಲಿ ಯೋಚಿಸುತ್ತಿದ್ದ ವೊಲ್ಲಾಸ್ಟನ್‌ನ ಹೆಸರನ್ನು ಅದರಲ್ಲಿ ಹೇಳಿರಲಿಲ್ಲ. ಕದ್ದ ಅಂತ ಊರೆಲ್ಲ ಗುಸುಗುಸು. 1824ರಲ್ಲಿ ರಾಯಲ್ ಸೊಸೈಟಿಗೆ ಅವನ ಹೆಸರು ಬಂದಾಗ ವಿರೋಧಿಸಿದ್ದು ಖುದ್ದು ಡೇವಿ. ಕೊನೆಗೆ ಒಂದೇ ಒಂದು ವಿರೋಧ ಮತ ಬಿದ್ದು ಫ್ಯಾರಡೆ ಆಯ್ಕೆಯಾದ. ದೊಡ್ಡ ಮನೆತನದ, ದೊಡ್ಡ ಕಾಲೇಜಿನ ಹುಡುಗನ ಮೇಲೆ ಈ ಅನುಮಾನ ಇಷ್ಟು ಸುಲಭವಾಗಿ ಅಂಟಿಕೊಳ್ಳುತ್ತಿತ್ತಾ ಅನ್ನೋದು ನನ್ನ ಪ್ರಶ್ನೆ.

ಇನ್ನು 1831ರ ಆಗಸ್ಟ್ 29. ಸುಮಾರು ಆರು ಇಂಚು ಅಗಲದ ಮೆದು ಕಬ್ಬಿಣದ ಉಂಗುರ. ಒಂದು ಕಡೆ ಒಂದು ಸುರುಳಿ, ಎದುರು ಕಡೆ ಇನ್ನೊಂದು. ಈಗಿನ ಹಾಗೆ ಇನ್ಸುಲೇಷನ್ ಇರುವ ತಂತಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಒಂದೊಂದು ಸುತ್ತಿನ ನಡುವೆ ಹುರಿ, ಪದರ ಪದರದ ನಡುವೆ ಹತ್ತಿ ಬಟ್ಟೆ ಇಟ್ಟು ಸುತ್ತಬೇಕು. ಏಳು ವರ್ಷ ಬಟ್ಟೆ, ದಾರ, ಹೊಲಿಗೆಯ ಜೊತೆ ಪಳಗಿದ ಕೈಗೆ ಅದು ಕಷ್ಟವಾಗಿರಲಿಕ್ಕಿಲ್ಲ. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣ ಇನ್ನೊಂದಕ್ಕೆ ಕೂಡಿಸಿದ್ದ ಸೂಜಿ ಅಲುಗಿ ನಿಂತಿತು. ಬ್ಯಾಟರಿ ತೆಗೆದಾಗ ಮತ್ತೆ ಅಲುಗಿತು. ನಡುವೆ ಕರೆಂಟ್ ಎಷ್ಟು ಹೊತ್ತು ಹರಿದರೂ ಸೂಜಿ ಅಲ್ಲಾಡದು. ಆ ಕಾಲದವರೆಲ್ಲ ಹುಡುಕುತ್ತಿದ್ದದ್ದು ನಿಂತ ಅಯಸ್ಕಾಂತದಿಂದ ನಿರಂತರವಾಗಿ ಬರುವ ಕರೆಂಟನ್ನು. ಜಿನೀವಾದ ಕೊಲಾಡನ್ ಎಂಬವನು ಕೆಲವು ವರ್ಷ ಮೊದಲು ಇದೇ ಬಾಗಿಲ ತನಕ ಬಂದಿದ್ದ. ಅಯಸ್ಕಾಂತದ ಪ್ರಭಾವ ತಟ್ಟಬಾರದು ಅಂತ ಗ್ಯಾಲ್ವನೋಮೀಟರನ್ನು ಪಕ್ಕದ ಕೋಣೆಯಲ್ಲಿಟ್ಟು, ಇಲ್ಲಿ ಅಯಸ್ಕಾಂತ ತೂರಿಸಿ ಅಲ್ಲಿಗೆ ಹೋಗಿ ನೋಡುವಷ್ಟರಲ್ಲಿ ಸೂಜಿ ತನ್ನ ಜಾಗಕ್ಕೆ ಬಂದಿರುತ್ತಿತ್ತು. ಫ್ಯಾರಡೆಯ ಕಣ್ಣು ಆ ಕ್ಷಣದ ಅಲುಗಾಟವನ್ನು ಹಿಡಿದುಕೊಂಡಿತು. ಅಕ್ಟೋಬರ್ 17ರಂದು ಸುರುಳಿಯೊಳಗೆ ಅಯಸ್ಕಾಂತ ತೂರಿಸಿ, ಎಳೆದು ಕರೆಂಟ್ ಪಡೆದ. ಅದೇ ತಿಂಗಳು ದೊಡ್ಡ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿ ಮೊದಲ ಡೈನಮೊ ಮಾಡಿದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ಕರೆಂಟು ಹುಟ್ಟಿದ್ದು ಇದೇ ತತ್ತ್ವದಲ್ಲಿ.

ಇಷ್ಟಾದರೂ ಒಂದು ಗೋಡೆ ಅವನಿಗೆ ಕೊನೆತನಕ ಅಡ್ಡ ನಿಂತಿತ್ತು. ಗಣಿತ. ಲ್ಯಾಬ್ ಕೆಲಸ ಕೈಯಿಂದ ಕಲಿತ, ಭಾಷೆ ಗೆಳೆಯರಿಂದ ಕಲಿತ, ಗ್ರೀಕ್ ಬೇಕಾದಾಗ ಬಲ್ಲವರನ್ನು ಕೇಳಿದ. ಆನೋಡ್, ಕ್ಯಾಥೋಡ್ ಎಂಬ ಹೆಸರುಗಳನ್ನು 1834ರಲ್ಲಿ ಸೂಚಿಸಿದ್ದು ಕೇಂಬ್ರಿಜ್ ಟ್ರಿನಿಟಿ ಕಾಲೇಜಿನ ವಿಲಿಯಂ ಹ್ಯೂವೆಲ್. ಆದರೆ ಗಣಿತ ಹಾಗೆ ಕೇಳಿ ಪಡೆಯುವಂಥದ್ದಲ್ಲ. ಅದಕ್ಕೆ ಎಳೆ ವಯಸ್ಸಿನಲ್ಲಿ, ಕ್ರಮವಾಗಿ, ವರ್ಷಗಟ್ಟಲೆ ಕೂರಿಸಿ ಕಲಿಸುವವರು ಬೇಕು. ಆಂಪಿಯರ್‌ನ ಲೇಖನಗಳನ್ನು ತಾನು ಕೊನೆತನಕ ಅನುಸರಿಸಲಾರೆ ಅನ್ನೋದನ್ನು ಅವನು ಆಂಪಿಯರ್‌ಗೇ ಪತ್ರದಲ್ಲಿ ತಿಳಿಸಿದ್ದ. ಅವನ ಸಂಶೋಧನೆಯ ಮೂರು ಸಂಪುಟ ತಿರುವಿ ಹಾಕಿದರೂ ಒಂದು ಸಮೀಕರಣ ಕಾಣದು. ಅದರ ಬದಲು ಅವನು ಕಂಡದ್ದು ಕಬ್ಬಿಣದ ಪುಡಿ ಕಾಗದದ ಮೇಲೆ ಬಿಡಿಸುವ ಗೆರೆಗಳನ್ನು. ಬಲರೇಖೆಗಳು ನಿಜಕ್ಕೂ ಅಲ್ಲಿವೆ, ಖಾಲಿ ಜಾಗ ಖಾಲಿಯಲ್ಲ ಅಂತ ಅವನ ನಂಬಿಕೆ.

ಗಣಿತ ಬಲ್ಲ ದೊಡ್ಡವರಿಗೆ ಇದು ಬಾಲಭಾಷೆ. ರಾಜಖಗೋಳಜ್ಞ ಏರಿ, ಕೇಂಬ್ರಿಜ್‌ನಲ್ಲಿ ಮೊದಲ ಸ್ಥಾನ ಪಡೆದವನು, 1855ರಲ್ಲೂ ಈ ಬಲರೇಖೆಗಳನ್ನು ಅಸ್ಪಷ್ಟ ಕಲ್ಪನೆ ಅಂತ ಪಕ್ಕಕ್ಕೆ ತಳ್ಳಿದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಫ್ಯಾರಡೆಯ ಪ್ರಯೋಗಗಳನ್ನು ಎಲ್ಲರೂ ಒಪ್ಪಿದರು, ಅವನ ವಿಚಾರವನ್ನು ಒಪ್ಪಿದವರು ಬೆರಳೆಣಿಕೆಯ ಜನ. ಕಾಲೇಜು ಸಿಗದೇ ಹೋದದ್ದಕ್ಕೆ ಅವನು ತೆತ್ತ ಬೆಲೆ ಇದು.

ಟೆಲಿಗ್ರಾಫ್ ಕೇಬಲ್ಲಿನ ಕಥೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ನೆಲದಡಿ, ನೀರಿನಡಿ ಹಾಕಿದ ಕೇಬಲ್ಲಿನಲ್ಲಿ ಸಂದೇಶ ಯಾಕೆ ಎಳೆದಾಡಿಕೊಂಡು ಬರುತ್ತೆ ಅಂತ 1854ರಲ್ಲಿ ವಿವರಿಸಿದವನು ಫ್ಯಾರಡೆ. ಉದ್ದನೆಯ ಕೇಬಲ್ಲೇ ಒಂದು ಕೆಪಾಸಿಟರ್ ಆಗುತ್ತದೆ, ಅದು ತುಂಬಿ ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಸರಿ, ಆದರೆ ಅಟ್ಲಾಂಟಿಕ್ ಸಾಗರಕ್ಕೆ ಎಷ್ಟು ದಪ್ಪದ ತಂತಿ ಬೇಕು? ಅದಕ್ಕೆ ಲೆಕ್ಕ ಬೇಕು. ಗ್ಲಾಸ್ಗೊ, ಕೇಂಬ್ರಿಜ್‌ಗಳಲ್ಲಿ ಓದಿದ ವಿಲಿಯಂ ಥಾಮ್ಸನ್ ಕೂತು ಬಿಡಿಸಿದ. ಕೇಬಲ್ಲಿನ ಉದ್ದ ಇಮ್ಮಡಿಯಾದರೆ ವಿಳಂಬ ನಾಲ್ಕು ಪಟ್ಟು. ಕಂಪನಿಯಲ್ಲಿ ವಿದ್ಯುತ್ ವಿಭಾಗ ನೋಡುತ್ತಿದ್ದ, ವೃತ್ತಿಯಿಂದ ವೈದ್ಯನಾಗಿದ್ದ ವೈಟ್‌ಹೌಸ್‌ಗೆ ಆ ಲೆಕ್ಕ ಒಪ್ಪಿಗೆಯಾಗಲಿಲ್ಲ. 1858ರ ಕೇಬಲ್ಲಿಗೆ ಅವನು ಹೆಚ್ಚು ವೋಲ್ಟೇಜ್ ಕೊಟ್ಟ, ಕೇಬಲ್ ಕೆಲವೇ ವಾರಗಳಲ್ಲಿ ಸತ್ತಿತು. ಥಾಮ್ಸನ್ ಹೇಳಿದಂತೆ ದಪ್ಪ ತಾಮ್ರ, ಸೂಕ್ಷ್ಮ ಉಪಕರಣ ಬಳಸಿದ 1866ರ ಕೇಬಲ್ ನಿಂತಿತು.

ಬಲರೇಖೆಗಳನ್ನು ಗಣಿತಕ್ಕೆ ತಂದವನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಎಡಿನ್‌ಬರೋದಲ್ಲಿ ಓದು, ಆಮೇಲೆ ಕೇಂಬ್ರಿಜ್, 1854ರ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ. ಅಂಥವನು ವಿದ್ಯುತ್ತಿಗೆ ಕೈಹಾಕುವ ಮುನ್ನ ಏನು ಮಾಡಿದ ಗೊತ್ತಾ? ಫ್ಯಾರಡೆಯ ಸಂಪುಟಗಳನ್ನು ಪೂರ್ತಿ ಓದುವ ತನಕ ಈ ವಿಷಯದಲ್ಲಿ ಗಣಿತದ ಪುಸ್ತಕ ಮುಟ್ಟಬಾರದು ಅಂತ ತೀರ್ಮಾನಿಸಿಕೊಂಡ. ಓದಿದ ಮೇಲೆ ಅವನಿಗೆ ಹೊಳೆದದ್ದು, ಫ್ಯಾರಡೆಯ ಯೋಚನೆಯ ರೀತಿಯೂ ಗಣಿತವೇ, ಚಿಹ್ನೆಗಳು ಮಾತ್ರ ಇಲ್ಲ. 1857ರಲ್ಲಿ ಮ್ಯಾಕ್ಸ್‌ವೆಲ್ ಕಳಿಸಿದ ಲೇಖನ ಕೈಗೆ ಬಂದಾಗ ಫ್ಯಾರಡೆಗೆ 65 ವರ್ಷ. ಅಷ್ಟೊಂದು ಗಣಿತ ಕಂಡು ಮೊದಲು ದಿಗಿಲುಬಿದ್ದ, ತನ್ನ ವಿಚಾರ ಅದನ್ನು ತಾಳಿಕೊಂಡದ್ದು ಕಂಡು ಆಮೇಲೆ ಅಚ್ಚರಿಪಟ್ಟ. ಅದೇ ವರ್ಷ ಬರೆದ ಇನ್ನೊಂದು ಪತ್ರದಲ್ಲಿ ಮ್ಯಾಕ್ಸ್‌ವೆಲ್‌ನನ್ನು ಒಂದು ವಿಷಯ ಕೇಳಿದ. ಗಣಿತಜ್ಞರು ತಮ್ಮ ತೀರ್ಮಾನಗಳನ್ನು ಸಾಮಾನ್ಯ ಭಾಷೆಯಲ್ಲೂ ಬರೆದರೆ ತನ್ನಂಥವರು ಅದನ್ನು ಹಿಡಿದು ಪ್ರಯೋಗ ಮಾಡಬಹುದಲ್ಲವೇ ಅಂತ. ಈ ಕೋರಿಕೆ ನಮ್ಮ ಎಷ್ಟೋ ಟೆಕ್ಸ್ಟ್ ಬುಕ್ಕುಗಳನ್ನು ಇನ್ನೂ ತಲುಪಿದಂತಿಲ್ಲ.

ಕಾಲೇಜು ಓದಿದವರ ಬಗ್ಗೆ ಫ್ಯಾರಡೆಗೆ ಕುರುಡು ಭಕ್ತಿ ಇತ್ತು ಅಂದುಕೊಳ್ಳಬೇಡಿ. 1853ರಲ್ಲಿ ಲಂಡನ್ನಿನ ಸುಶಿಕ್ಷಿತರ ಮನೆಗಳಲ್ಲಿ ಮೇಜು ತಿರುಗಿಸುವ ಹುಚ್ಚು. ಸುತ್ತ ಕೂತು ಮೇಜಿನ ಮೇಲೆ ಕೈಯಿಟ್ಟರೆ ಪ್ರೇತಾತ್ಮಗಳು ಅದನ್ನು ತಿರುಗಿಸುತ್ತವೆ ಅಂತ. ಫ್ಯಾರಡೆ ಕೈಗೂ ಮೇಜಿಗೂ ನಡುವೆ ಉರುಳೆಗಳ ಮೇಲೆ ಜಾರುವ ಹಲಗೆ, ಅದಕ್ಕೊಂದು ಸೂಚಕ ಕಡ್ಡಿ ಇಟ್ಟ. ಮೇಜಿಗಿಂತ ಮೊದಲು ಕೈ ಚಲಿಸುತ್ತದೆ, ಅದೂ ಕೂತವರಿಗೇ ಗೊತ್ತಿಲ್ಲದಂತೆ ಅಂತ ತೋರಿಸಿಕೊಟ್ಟ. ಮರುವರ್ಷದ ಉಪನ್ಯಾಸವೊಂದರಲ್ಲಿ, ಇಷ್ಟು ಓದಿದವರು ಇದನ್ನು ನಂಬುತ್ತಾರೆ ಅಂದರೆ ಓದಿನಲ್ಲೇ ಏನೋ ಕೊರತೆಯಿದೆ ಅಂತ ಹೇಳಿದ. 1862ರಲ್ಲಿ ಶಾಲೆಗಳ ವಿಚಾರಣೆಗೆ ನೇಮಿಸಿದ್ದ ಆಯೋಗದ ಮುಂದೆ, ಮಕ್ಕಳಿಗೆ ವಿಜ್ಞಾನ ಕಲಿಸಲೇಬೇಕು ಅಂತ ಸಾಕ್ಷಿ ನುಡಿದ.

ವಿದ್ಯಾಸಂಸ್ಥೆಗಳಿಂದ ಅವನು ದೂರ ಉಳಿದವನೂ ಅಲ್ಲ. ವುಲ್ಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಇಪ್ಪತ್ತು ವರ್ಷ ಕೆಡೆಟ್‌ಗಳಿಗೆ ರಸಾಯನಶಾಸ್ತ್ರ ಕಲಿಸಿದ. ಮತಭೇದವಿಲ್ಲದೆ ಎಲ್ಲರಿಗೂ ಡಿಗ್ರಿ ಕೊಡಲು 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲಿ 1863ರ ತನಕ ಸದಸ್ಯನಾಗಿದ್ದ. ಬಿಎಸ್‌ಸಿ ಎಂಬ ಪದವಿಯನ್ನು ಆ ವಿಶ್ವವಿದ್ಯಾಲಯ ಶುರುಮಾಡಿದ್ದು ಅವನು ಅಲ್ಲಿ ಕೂತಿದ್ದ ಅವಧಿಯಲ್ಲೇ. ಪ್ಯಾಕೇಜಿನ ಬಗ್ಗೆ ಕೇಳ್ತೀರಾ? 1830ರ ಹೊತ್ತಿಗೆ ಹೊರಗಿನ ಕನ್ಸಲ್ಟಿಂಗ್ ಕೆಲಸದಿಂದ ವರ್ಷಕ್ಕೆ ಸುಮಾರು ಸಾವಿರ ಪೌಂಡ್ ಬರುತ್ತಿತ್ತು, ಸಂಸ್ಥೆಯ ಸಂಬಳ ನೂರು ಪೌಂಡ್. 1831ರ ನಂತರ ಹೊರಗಿನದನ್ನು ಬಹುಪಾಲು ಬಿಟ್ಟುಬಿಟ್ಟ.

1862ರ ಮಾರ್ಚಿನಲ್ಲಿ, ನೆನಪಿನ ಶಕ್ತಿ ಬಹಳ ಕುಂದಿದ್ದಾಗ, ತನ್ನ ಕೊನೆಯ ಪ್ರಯೋಗಗಳಲ್ಲೊಂದನ್ನು ಮಾಡಿದ. ಜ್ವಾಲೆಯನ್ನು ಅಯಸ್ಕಾಂತದ ಧ್ರುವಗಳ ನಡುವೆ ಇಟ್ಟರೆ ಅದರ ಬೆಳಕಿನ ವರ್ಣಪಟಲದ ಗೆರೆಗಳು ಬದಲಾಗುತ್ತವೆಯೇ ಅಂತ. ಏನೂ ಕಾಣಲಿಲ್ಲ. ಕಾಣಲಿಲ್ಲ ಅಂತಲೇ ಡೈರಿಯಲ್ಲಿ ಬರೆದಿಟ್ಟ. 1867ರ ಆಗಸ್ಟ್ 25ರಂದು ತೀರಿಕೊಂಡ. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿದ್ದ ಪೀಟರ್ ಜೀಮನ್, ಮ್ಯಾಕ್ಸ್‌ವೆಲ್ ಬರೆದ ಫ್ಯಾರಡೆಯ ಪರಿಚಯದಲ್ಲಿ ಈ ವಿಷಯ ಓದಿದ. ಫ್ಯಾರಡೆಯಂಥವನು ಮಾಡಿ ನೋಡಬೇಕು ಅಂದುಕೊಂಡದ್ದನ್ನು ಇನ್ನೊಮ್ಮೆ ನೋಡೋದು ದಂಡವಾಗಲಾರದು ಅನ್ನಿಸಿತು. 1896ರಲ್ಲಿ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿದ್ದ ಒಳ್ಳೆಯ ಗ್ರೇಟಿಂಗ್ ಬಳಸಿ ಅದೇ ಪ್ರಯೋಗ ಮಾಡಿದ. ಗೆರೆಗಳು ಅಗಲವಾದವು. ಅದರ ಗಣಿತವನ್ನು ಅಲ್ಲಿನ ಪ್ರೊಫೆಸರ್ ಲೊರೆಂಟ್ಜ್ ಬರೆದುಕೊಟ್ಟ. 1902ರ ನೊಬೆಲ್ ಬಹುಮಾನ ಅವರಿಬ್ಬರಿಗೂ ಸೇರಿ ಬಂತು.